ಆರು ದೊಡ್ಡದಾ, ಐದು ದೊಡ್ಡದಾ? ರಿಕಾರ್ಡ್‌ಸನ್, ಫುಂಡೀನ್ ಬಗ್ಗೆ ಪರ-ವಿರೋಧ

ಸ್ಪೀಡ್‌ವೇ ನೋಡುವವರು ನಮ್ಮಲ್ಲಿ ಕಡಿಮೆ. ಹಾಗಾಗಿ ಮೊದಲು ಆಟದ ಬಗ್ಗೆ ನಾಲ್ಕು ಮಾತು. 500 ಸಿಸಿಯ ಒಂದೇ ಸಿಲಿಂಡರ್‌ನ ಬೈಕು, ಒಂದೇ ಗೇರು, ಟ್ಯಾಂಕಿಗೆ ಹಾಕುವುದು ಪೆಟ್ರೋಲ್ ಅಲ್ಲ, ಮೆಥನಾಲ್. ಬ್ರೇಕ್ ಇರುವುದೇ ಇಲ್ಲ. ಮೊಟ್ಟೆಯಾಕಾರದ ಮಣ್ಣಿನ ಟ್ರ್ಯಾಕ್, ಒಂದು ಓಟಕ್ಕೆ ನಾಲ್ಕು ಜನ, ನಾಲ್ಕು ಸುತ್ತು, ತಿರುಗುವುದೆಲ್ಲಾ ಎಡಕ್ಕೇ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಬೇಕಂತಲೇ ಜಾರಿಸುತ್ತಾರೆ, ಮುಂದಿನ ಚಕ್ರ ಬಲಕ್ಕೆ ತಿರುಗಿರುತ್ತದೆ, ಕಬ್ಬಿಣದ ತಳ ಕಟ್ಟಿದ ಎಡಗಾಲಿನ ಬೂಟು ಮಣ್ಣನ್ನು ಉಜ್ಜುತ್ತಾ ಹೋಗುತ್ತದೆ. ಸುಮಾರು ಒಂದು ನಿಮಿಷದಲ್ಲಿ ಎಲ್ಲಾ ಮುಗಿದಿರುತ್ತದೆ. ಮೊದಲು ಬಂದವನಿಗೆ 3 ಅಂಕ, ಎರಡನೆಯವನಿಗೆ 2, ಮೂರನೆಯವನಿಗೆ 1, ಕೊನೆಯವನಿಗೆ ಸೊನ್ನೆ.

ಸ್ವೀಡನ್ ಈ ಆಟಕ್ಕೆ ಐದು ವಿಶ್ವ ಚಾಂಪಿಯನ್‌ಗಳನ್ನು ಕೊಟ್ಟಿದೆ. ಊವೆ ಫುಂಡೀನ್, ಬ್ಯೋರ್ನ್ ಕ್ನೂಟ್ಸನ್, ಆಂಡರ್ಸ್ ಮಿಚಾನೆಕ್, ಪೇರ್ ಯೋನ್ಸನ್, ಟೋನಿ ರಿಕಾರ್ಡ್‌ಸನ್. ನಡುವಿನ ಮೂವರು ಒಂದೊಂದು ಸಲ ಗೆದ್ದರು. ಫುಂಡೀನ್ ಐದು ಸಲ: 1956, 1960, 1961, 1963, 1967. ರಿಕಾರ್ಡ್‌ಸನ್ ಆರು ಸಲ: 1994, 1998, 1999, 2001, 2002, 2005. ಮೊದಲ ಗೆಲುವಿನಿಂದ ಕೊನೆಯ ಗೆಲುವಿಗೆ ಇಬ್ಬರದ್ದೂ ಹನ್ನೊಂದು ವರ್ಷ. ಮೊದಲ ಮೂರು ಸ್ಥಾನಗಳಲ್ಲಿ ನಿಂತದ್ದೂ ಇಬ್ಬರೂ ಹನ್ನೊಂದು ಸಲ. ಇಷ್ಟು ಹತ್ತಿರ ಇರುವಾಗ ಜಗಳ ಇಲ್ಲದೆ ಹೇಗೆ? ಆರು ಗೆದ್ದವನೇ ದೊಡ್ಡವನು ಅಂತ ಲೆಕ್ಕ ಹಾಕಿ ಎದ್ದು ಹೋಗಬಹುದು. ಆದರೆ ಹಾಗೆ ಎದ್ದು ಹೋಗಲು ನನಗೆ ಮನಸ್ಸಿಲ್ಲ. ಎರಡೂ ಕಡೆಗೆ ಗಟ್ಟಿಯಾದ ಮಾತಿದೆ, ಎರಡನ್ನೂ ಬರೆದಿದ್ದೇನೆ.

ಪ್ರಶ್ನೆ: ಸ್ವೀಡನ್ ಕಂಡ ಅತಿ ದೊಡ್ಡ ಸ್ಪೀಡ್‌ವೇ ಸವಾರ ಟೋನಿ ರಿಕಾರ್ಡ್‌ಸನ್ನೇ ಅಲ್ವಾ?

ಪರ: ಹೌದು, ಅನುಮಾನವೇ ಬೇಡ

ಮೊದಲು ಆರು ಅನ್ನುವ ಸಂಖ್ಯೆಯನ್ನು ಪಕ್ಕಕ್ಕಿಡೋಣ. ಆ ಆರೂ ಹೇಗೆ ಬಂದವು ಅನ್ನೋದನ್ನು ನೋಡಿ, ಅಲ್ಲೇ ಅರ್ಧ ವಾದ ಮುಗಿಯುತ್ತದೆ.

1994ರವರೆಗೆ ವಿಶ್ವ ಚಾಂಪಿಯನ್ ಯಾರು ಅಂತ ಸಾಮಾನ್ಯವಾಗಿ ಒಂದೇ ರಾತ್ರಿಯಲ್ಲಿ ತೀರ್ಮಾನ ಆಗುತ್ತಿತ್ತು. ಹದಿನಾರು ಸವಾರರು, ಇಪ್ಪತ್ತು ಓಟ, ಒಬ್ಬೊಬ್ಬನಿಗೆ ಐದು ಅವಕಾಶ. ಎಲ್ಲರೂ ಎಲ್ಲರನ್ನೂ ಒಂದೊಂದು ಸಲ ಎದುರಿಸುತ್ತಾರೆ. ಐದೂ ಗೆದ್ದರೆ 15. ಅಂಥ ಕೊನೆಯ ಫೈನಲ್ ನಡೆದದ್ದು ಡೆನ್ಮಾರ್ಕ್‌ನ ವೋಯೆನ್ಸ್‌ನಲ್ಲಿ. ಅಲ್ಲಿ ಮೂವರು 12 ಅಂಕದಲ್ಲಿ ಸಮ ಆದರು: ರಿಕಾರ್ಡ್‌ಸನ್, ಆಸ್ಟ್ರೇಲಿಯಾದ ಕ್ರೇಗ್ ಬಾಯ್ಸ್, ಡೆನ್ಮಾರ್ಕ್‌ನವನೇ ಆದ ಹಾನ್ಸ್ ನೀಲ್ಸನ್. ನೀಲ್ಸನ್ ಆಗಲೇ ಮೂರು ಸಲದ ಚಾಂಪಿಯನ್, ತನ್ನ ದೇಶದ ಟ್ರ್ಯಾಕು, ತನ್ನ ಜನ. ಇನ್ನೊಂದು ಓಟ ಓಡಿಸಿ ತೀರ್ಮಾನ ಮಾಡಿದರು. ಗೆದ್ದದ್ದು 24ರ ಸ್ವೀಡಿಷ್ ಹುಡುಗ.

ಮರುವರ್ಷದಿಂದ ಆ ಪದ್ಧತಿಯೇ ಹೋಯಿತು. ಗ್ರ್ಯಾನ್ ಪ್ರಿ ಬಂತು. ಬೇರೆ ಬೇರೆ ದೇಶ, ಬೇರೆ ಬೇರೆ ಟ್ರ್ಯಾಕ್, ವರ್ಷ ಪೂರ್ತಿ ಅಂಕ ಕೂಡಿಸಬೇಕು. ಒಂದೇ ರಾತ್ರಿ ಮಿಂಚುವವರಿಗೆ ಇದು ಒಗ್ಗಲಿಲ್ಲ. ಒಂದು ರಾತ್ರಿಯ ಫೈನಲ್ಲನ್ನೂ ಗೆದ್ದು ಗ್ರ್ಯಾನ್ ಪ್ರಿ ಸರಣಿಯನ್ನೂ ಗೆದ್ದವರು ಇಡೀ ಇತಿಹಾಸದಲ್ಲಿ ಇಬ್ಬರೇ. ಒಬ್ಬ ನೀಲ್ಸನ್, ಇನ್ನೊಬ್ಬ ರಿಕಾರ್ಡ್‌ಸನ್.

ಅಷ್ಟಕ್ಕೇ ನಿಲ್ಲಲಿಲ್ಲ. 1998ರಲ್ಲಿ ಗ್ರ್ಯಾನ್ ಪ್ರಿ ರೂಪ ಮತ್ತೆ ಬದಲಾಯಿತು. 24 ಸವಾರರು, ನಾಕೌಟ್. ಪ್ರತಿ ಓಟದಲ್ಲಿ ಮೊದಲ ಇಬ್ಬರು ಮುಂದಕ್ಕೆ, ಹಿಂದೆ ಬಿದ್ದವರು ಹೊರಗೆ ಹೋಗುವ ದಾರಿಗೆ. ಒಂದು ಕೆಟ್ಟ ಸ್ಟಾರ್ಟ್ ಆಯ್ತು ಅಂದ್ರೆ ಮುಂದಿನ ಓಟ ನಿಮ್ಮ ಕೊನೆಯದಾಗಬಹುದು. ಆ ಪದ್ಧತಿಯಲ್ಲಿ ಅವನು ನಾಲ್ಕು ಸಲ ಚಾಂಪಿಯನ್ ಆದ. 2005ರಲ್ಲಿ ಮತ್ತೆ ಬದಲಾಯಿಸಿದರು, 16 ಸವಾರರು, 20 ಓಟ, ಆಮೇಲೆ ಸೆಮಿಫೈನಲ್, ಫೈನಲ್. ಅದನ್ನೂ ಗೆದ್ದ. ನಿಯಮ ಮೂರು ಸಲ ಬದಲಾದರೂ ಪಟ್ಟಿಯ ತುದಿಯಲ್ಲಿ ಅದೇ ಹೆಸರು. ಇದು ಅದೃಷ್ಟ ಅಂತ ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ.

ಫುಂಡೀನ್ ಗೆದ್ದ ಐದೂ ಒಂದೇ ಬಗೆಯ ರಾತ್ರಿಗಳು. ಐದರಲ್ಲಿ ನಾಲ್ಕು ಲಂಡನ್ನಿನ ವೆಂಬ್ಲಿಯಲ್ಲೇ. ಅವನ ಮೇಲೆ ನನಗೆ ತುಂಬಾ ಗೌರವ ಇದೆ, ಆದರೆ ಬೇರೆ ಬೇರೆ ಬಗೆಯ ಮಣ್ಣು, ಬೇರೆ ಬೇರೆ ಬಗೆಯ ಲೆಕ್ಕ, ಬೇರೆ ಬೇರೆ ಖಂಡ ಅನ್ನುವ ಪರೀಕ್ಷೆ ಅವನಿಗೆ ಎದುರಾಗಲೇ ಇಲ್ಲ. 2002ರ ಸರಣಿ ಮುಗಿದದ್ದು ಸಿಡ್ನಿಯಲ್ಲಿ! ಯುರೋಪಿನ ಬೇಸಿಗೆ ಪೂರ್ತಿ ಓಡಿಸಿ, ಕೊನೆಗೆ ಭೂಮಿಯ ಇನ್ನೊಂದು ತುದಿಗೆ ಹೋಗಿ, ಜೇಸನ್ ಕ್ರಂಪ್‌ನನ್ನು ಅವನದೇ ದೇಶದಲ್ಲಿ ಹಿಂದಿಕ್ಕಿ ಬರಬೇಕಿತ್ತು. ಬಂದ.

ಕ್ರಂಪ್ ಬಗ್ಗೆ ಒಂದು ಮಾತು ಹೇಳಲೇಬೇಕು. ರಿಕಾರ್ಡ್‌ಸನ್ ಕಾಲದಲ್ಲಿ ಪೈಪೋಟಿ ಕಡಿಮೆ ಇತ್ತು ಅನ್ನುವವರು ಹೆಸರುಗಳನ್ನು ಒಮ್ಮೆ ಓದಲಿ. ಕ್ರಂಪ್, ಪೋಲೆಂಡ್‌ನ ಟೊಮಾಶ್ ಗೊಲ್ಲೊಬ್, ಡೆನ್ಮಾರ್ಕ್‌ನ ನಿಕಿ ಪೆಡರ್ಸನ್, ಅಮೆರಿಕದ ಗ್ರೆಗ್ ಹ್ಯಾನ್ಕಾಕ್ ಮತ್ತು ಬಿಲ್ಲಿ ಹ್ಯಾಮಿಲ್, ಇಂಗ್ಲೆಂಡಿನ ಮಾರ್ಕ್ ಲೋರಮ್. ಇವರೆಲ್ಲಾ ವಿಶ್ವ ಚಾಂಪಿಯನ್ ಆದವರು ಅಥವಾ ಮುಂದೆ ಆಗಲಿದ್ದವರು. ಒಂದೇ ಸಂಜೆ ಇವರಲ್ಲಿ ಮೂರ್ನಾಲ್ಕು ಜನರನ್ನು ಮೊದಲ ತಿರುವಿನಲ್ಲಿ ಮೀರಿಸಬೇಕು, ಎರಡು ವಾರ ಬಿಟ್ಟು ಇನ್ನೊಂದು ದೇಶದಲ್ಲಿ ಅದೇ ಕೆಲಸ ಮತ್ತೆ ಮಾಡಬೇಕು. ಇದರ ನಡುವೆ ಸ್ವೀಡನ್, ಪೋಲೆಂಡ್, ಇಂಗ್ಲೆಂಡ್ ಲೀಗ್‌ಗಳ ಪಂದ್ಯ ಬೇರೆ. 1998ರಿಂದ 2005ರವರೆಗೆ, ಎಂಟು ವರ್ಷ ಸತತವಾಗಿ ಅವನು ಮೊದಲ ಮೂರರಿಂದ ಹೊರಗೆ ಬರಲಿಲ್ಲ.

ಈಗ 2005. ಆ ವರ್ಷದ ಒಂಬತ್ತು ಗ್ರ್ಯಾನ್ ಪ್ರಿಗಳಲ್ಲಿ ಆರನ್ನು ಅವನೊಬ್ಬನೇ ಗೆದ್ದ. ಅವುಗಳಲ್ಲಿ ಕಾರ್ಡಿಫ್‌ನದ್ದು ನೋಡದವರು ದಯವಿಟ್ಟು ಹುಡುಕಿ ನೋಡಿ. ಮಿಲೇನಿಯಮ್ ಸ್ಟೇಡಿಯಂ, ಚಾವಣಿ ಮುಚ್ಚಿದೆ, ಶಬ್ದ ಹೊರಗೆ ಹೋಗಲು ಜಾಗವಿಲ್ಲ. ಫುಟ್‌ಬಾಲ್, ರಗ್ಬಿ ಆಡುವ ಜಾಗಕ್ಕೆ ಲಾರಿಗಟ್ಟಲೆ ಮಣ್ಣು ತಂದು ಹಾಸಿ ಮಾಡಿದ ತಾತ್ಕಾಲಿಕ ಟ್ರ್ಯಾಕು, ತಿರುವುಗಳು ಇಕ್ಕಟ್ಟು. ಒಂದು ಓಟದಲ್ಲಿ ರಿಕಾರ್ಡ್‌ಸನ್ ತಿರುವಿನ ಹೊರಗಡೆಯಿಂದ ಬರುತ್ತಾನೆ, ಒಳಗಿನವರು ಹೊರಕ್ಕೆ ಸರಿಯುತ್ತಾರೆ, ಜಾಗ ಇಲ್ಲ. ಯಾರಾದರೂ ಥ್ರಾಟಲ್ ಬಿಡುತ್ತಾರೆ. ಅವನು ಬಿಡಲಿಲ್ಲ. ಬೈಕು ಹೊರಗಿನ ಗಾಳಿ ತುಂಬಿದ ಬೇಲಿಗೆ ತಾಗಿತು, ಬೇಲಿಯನ್ನೇ ಗೋಡೆ ಹತ್ತಿದ ಹಾಗೆ ಸವರಿಕೊಂಡು ತಿರುವು ದಾಟಿತು, ಮತ್ತೆ ಮಣ್ಣಿಗೆ ಇಳಿಯಿತು, ಅವನು ಬೈಕಿನ ಮೇಲೇ ಇದ್ದ. ನಿಧಾನಗತಿಯಲ್ಲಿ ನೋಡಿದರೆ ಅವನ ಬಲಗೈ ಎಲ್ಲೂ ಸಡಿಲ ಆಗುವುದಿಲ್ಲ. ಕಣ್ಣು ಬೇಲಿಯ ಕಡೆ ಇಲ್ಲ, ಮುಂದಿನ ನೇರ ದಾರಿಯ ಕಡೆ ಇದೆ. ಆಗ ಅವನಿಗೆ 34 ದಾಟಿತ್ತು. ಐದು ಸಲ ಚಾಂಪಿಯನ್ ಆದವನಿಗೆ, ಮನೆ ಮಠ ಮಾಡಿಕೊಂಡವನಿಗೆ, ಅಷ್ಟು ಹಟ ಯಾಕೆ ಬೇಕಿತ್ತು? ಆ ಹಟವೇ ಅವನು. ಆ ರಾತ್ರಿಯ ಗ್ರ್ಯಾನ್ ಪ್ರಿ ಕೂಡ ಅವನೇ ಗೆದ್ದ.

ಇನ್ನೊಂದು ವಿಷಯ ಅಂಕಿ ಅಂಶದಲ್ಲಿ ಬರುವುದಿಲ್ಲ. ಪೇರ್ ಯೋನ್ಸನ್ 1990ರ ವಿಶ್ವ ಚಾಂಪಿಯನ್. 1993ರಲ್ಲಿ ಜೋಡಿಗಳ ಪಂದ್ಯವಾದ ವಿಶ್ವ ಪೇರ್ಸ್ ಕಪ್ಪನ್ನು ಸ್ವೀಡನ್ ಗೆದ್ದಾಗ ಯೋನ್ಸನ್, ರಿಕಾರ್ಡ್‌ಸನ್, ಹೆನ್ರಿಕ್ ಗುಸ್ತಾಫ್ಸನ್ ಒಟ್ಟಿಗೆ ಇದ್ದರು. 1994ರ ಬೇಸಿಗೆಯಲ್ಲಿ ಪೋಲೆಂಡ್‌ನ ತೊರುನ್‌ನಲ್ಲಿ ಯೋನ್ಸನ್ ಬಿದ್ದ, ಬೆನ್ನುಹುರಿಗೆ ಪೆಟ್ಟಾಯಿತು, ಅಲ್ಲಿಂದ ಗಾಲಿಕುರ್ಚಿ. ಅದಾಗಿ ಕೆಲವೇ ವಾರಗಳಲ್ಲಿ ವೋಯೆನ್ಸ್ ಫೈನಲ್. ತನ್ನ ದೇಶದ ದೊಡ್ಡ ಸವಾರ, ತನ್ನ ಜೊತೆಯವನು, ಇನ್ನು ಎದ್ದು ನಡೆಯುವುದಿಲ್ಲ ಅಂತ ಗೊತ್ತಿದ್ದೂ ಆ ಹುಡುಗ ಬ್ರೇಕ್ ಇಲ್ಲದ ಬೈಕನ್ನು ಮೊದಲ ತಿರುವಿಗೆ ನುಗ್ಗಿಸಿದ. ಆ ಮೊದಲ ಚಾಂಪಿಯನ್ ಪಟ್ಟದ ತೂಕ ಎಷ್ಟು ಅಂತ 12 ಅಂಕ ನೋಡಿ ಹೇಳಲು ಆಗುವುದಿಲ್ಲ.

2006ರ ಆಗಸ್ಟ್‌ನಲ್ಲಿ ಅವನು ನಿಲ್ಲಿಸಿದ. ಆರು ಅಂದರೆ ನ್ಯೂಜಿಲೆಂಡ್‌ನ ಐವನ್ ಮಾಗರ್‌ಗೆ ಸಮ. ಏಳನೆಯದಕ್ಕೆ ಇನ್ನೂ ಒಂದೆರಡು ವರ್ಷ ಎಳೆದಾಡಬಹುದಿತ್ತು, ಹೆಸರಿಗೆ ಹಣ ಸಿಗುತ್ತಿತ್ತು. ಅವನು ಎಳೆದಾಡಲಿಲ್ಲ, ಮತ್ತೆ ಬರುತ್ತೇನೆ ಅಂತ ಬರಲೂ ಇಲ್ಲ. ಅವನ ನಂತರ ಸ್ವೀಡನ್‌ಗೆ ಒಬ್ಬನೇ ಒಬ್ಬ ವಿಶ್ವ ಚಾಂಪಿಯನ್ ಸಿಕ್ಕಿಲ್ಲ. 2011ರಲ್ಲಿ ಆಂಡ್ರೆಯಾಸ್ ಯೋನ್ಸನ್ ಎರಡನೆಯವನಾದ, 2023ರಲ್ಲಿ ಫ್ರೆಡ್ರಿಕ್ ಲಿಂಡ್‌ಗ್ರೆನ್ ಎರಡನೆಯವನಾದ. ಆ ಕೊನೆಯ ಒಂದು ಮೆಟ್ಟಿಲು ಎಷ್ಟು ಎತ್ತರ ಅಂತ ಅವರನ್ನು ಕೇಳಿದರೆ ಗೊತ್ತಾಗುತ್ತದೆ. ರಿಕಾರ್ಡ್‌ಸನ್ ಅದನ್ನು ಆರು ಸಲ ಹತ್ತಿದ.

ವಿರೋಧ: ಅಲ್ಲ, ಆ ಜಾಗ ಊವೆ ಫುಂಡೀನ್‌ದು

ಮೇಲಿನ ವಾದದಲ್ಲಿ ಸುಳ್ಳು ಒಂದೂ ಇಲ್ಲ. ರಿಕಾರ್ಡ್‌ಸನ್ ದೊಡ್ಡವನೇ. ಆದರೆ ಫುಂಡೀನ್ ಗೆದ್ದದ್ದು ಒಂದೇ ಬಗೆಯ ರಾತ್ರಿಗಳನ್ನು ಅನ್ನುವ ಮಾತು ಇದೆಯಲ್ಲ, ಅದು ಆ ರಾತ್ರಿಗೆ ಬರುವ ದಾರಿಯನ್ನು ಪೂರ್ತಿ ಮರೆತು ಆಡಿದ ಮಾತು.

ಗ್ರ್ಯಾನ್ ಪ್ರಿಯಲ್ಲಿ ಹಿಂದಿನ ವರ್ಷ ಮೇಲಿನ ಸ್ಥಾನ ಪಡೆದವರಿಗೆ ಮುಂದಿನ ವರ್ಷದ ಜಾಗ ಖಾತ್ರಿ. ಚಳಿಗಾಲ ಪೂರ್ತಿ ನಿಶ್ಚಿಂತೆಯಿಂದ ಎಂಜಿನ್ ಸಿದ್ಧ ಮಾಡಿಕೊಳ್ಳಬಹುದು. ಒಂದು ರಾತ್ರಿ ಎಡವಿದರೆ ಮುಂದಿನ ರಾತ್ರಿ ಸರಿ ಮಾಡಿಕೊಳ್ಳಬಹುದು. ಫುಂಡೀನ್ ಕಾಲದಲ್ಲಿ ಹಾಗಿರಲಿಲ್ಲ. ನಾರ್ಡಿಕ್ ಫೈನಲ್, ಯುರೋಪಿಯನ್ ಫೈನಲ್ ಅಂತ ಮೆಟ್ಟಿಲು ಮೆಟ್ಟಿಲಾಗಿ ಅರ್ಹತಾ ಸುತ್ತು ದಾಟಿ ಬರಬೇಕಿತ್ತು. ಯಾವ ಸುತ್ತಿನಲ್ಲಾದರೂ ಚೈನು ಕಿತ್ತುಹೋದರೆ, ಪ್ಲಗ್ ಕೈಕೊಟ್ಟರೆ, ಮಳೆಯಲ್ಲಿ ಕನ್ನಡಕದ ಮೇಲೆ ಕೆಸರು ಬಿದ್ದು ಕಣ್ಣು ಕಾಣದಿದ್ದರೆ, ಆ ವರ್ಷ ಅಲ್ಲಿಗೆ ಮುಗಿಯಿತು. ಎಲ್ಲಾ ದಾಟಿ ಫೈನಲ್‌ಗೆ ಬಂದರೆ ಕೈಯಲ್ಲಿ ಐದೇ ಓಟ. ಒಟ್ಟು ಐದು ನಿಮಿಷಕ್ಕಿಂತ ಸ್ವಲ್ಪ ಜಾಸ್ತಿ. ಅದರಲ್ಲಿ ಒಂದು ತಪ್ಪು ಸ್ಟಾರ್ಟ್ ಸಾಕು.

ಹೀಗಿದ್ದ ಪದ್ಧತಿಯಲ್ಲಿ ಅವನು 1956ರಿಂದ 1965ರವರೆಗೆ ಹತ್ತು ವರ್ಷ, ಒಂದು ವರ್ಷವೂ ತಪ್ಪದೆ, ಜಗತ್ತಿನ ಮೊದಲ ಮೂವರಲ್ಲಿ ನಿಂತ. ಇದನ್ನು ಸ್ವಲ್ಪ ನಿಧಾನವಾಗಿ ಓದಿ. ಒಂದು, ಎರಡು, ಎರಡು, ಎರಡು, ಒಂದು, ಒಂದು, ಮೂರು, ಒಂದು, ಮೂರು, ಮೂರು. ಇದು ಹತ್ತು ವರ್ಷದ ಅವನ ಸ್ಥಾನಗಳ ಪಟ್ಟಿ. ರಿಕಾರ್ಡ್‌ಸನ್‌ನ ಎಂಟು ವರ್ಷದ ಸಾಲು ದೊಡ್ಡದೇ. ಆದರೆ ಆ ಎಂಟು ವರ್ಷಗಳಲ್ಲಿ ಪ್ರತಿ ಸಲವೂ ಅವನಿಗೆ ಆರೋ ಒಂಬತ್ತೋ ಹತ್ತೋ ರಾತ್ರಿಗಳ ಸರಾಸರಿಯ ಆಸರೆ ಇತ್ತು. ಚೆನ್ನಾಗಿ ಓಡಿಸುವವನು ಸರಾಸರಿಯಲ್ಲಿ ಮೇಲೆ ಬಂದೇ ಬರುತ್ತಾನೆ. ಒಂದೇ ರಾತ್ರಿಯ ಆಟದಲ್ಲಿ ಹತ್ತು ವರ್ಷ ಜಾರದೆ ನಿಲ್ಲುವುದು ಬೇರೆಯೇ ಕೆಲಸ.

ಅವನು ಬರುವ ಮೊದಲು ಈ ಆಟ ಯಾರದ್ದಾಗಿತ್ತು ಅನ್ನೋದೂ ಮುಖ್ಯ. 1936ರಿಂದ 1955ರವರೆಗೆ ಗೆದ್ದವರೆಲ್ಲಾ ಇಂಗ್ಲಿಷ್ ಮಾತಾಡುವ ದೇಶದವರು: ಆಸ್ಟ್ರೇಲಿಯಾ, ಅಮೆರಿಕ, ಇಂಗ್ಲೆಂಡ್, ವೇಲ್ಸ್, ನ್ಯೂಜಿಲೆಂಡ್. ಯುರೋಪ್ ಖಂಡದಿಂದ ಬಂದವರು ಫೈನಲ್‌ನಲ್ಲಿ ಸಂಖ್ಯೆ ತುಂಬಿಸುವವರು ಅಷ್ಟೇ. 1956ರಲ್ಲಿ ತ್ರಾನೊಸ್ ಅನ್ನುವ ಸಣ್ಣ ಊರಿನ, ಕೆಂಪು ಕೂದಲಿನ, 23ರ ಹುಡುಗ ವೆಂಬ್ಲಿಯಲ್ಲಿ ಗೆದ್ದ. ರಾನಿ ಮೂರ್‌ಗಿಂತ ಒಂದು ಅಂಕ ಮುಂದೆ. ಯುರೋಪ್ ಖಂಡದ ಮೊದಲ ವಿಶ್ವ ಚಾಂಪಿಯನ್. ಆ ಕೂದಲಿಗೆ, ಆ ವೇಗಕ್ಕೆ ಅವನಿಗೆ 'ಫ್ಲೈಯಿಂಗ್ ಫಾಕ್ಸ್' ಅಂತ ಹೆಸರು ಬಿತ್ತು. ಐದು ವರ್ಷ ಕಳೆದು 1961ರಲ್ಲಿ ವಿಶ್ವ ಫೈನಲ್ ಮೊದಲ ಸಲ ವೆಂಬ್ಲಿ ಬಿಟ್ಟು ಹೊರಗೆ ಬಂತು, ಸ್ವೀಡನ್‌ನ ಮಾಲ್ಮೊಗೆ. ಅಲ್ಲಿ ಮೊದಲ ಮೂರೂ ಸ್ಥಾನ ಸ್ವೀಡನ್‌ಗೆ: ಫುಂಡೀನ್, ಬ್ಯೋರ್ನ್ ಕ್ನೂಟ್ಸನ್, ಯೋತೆ ನುರ್ದಿನ್. ಒಬ್ಬ ಗೆದ್ದು ತೋರಿಸಿದ ಮೇಲೆ ಒಂದು ದೇಶವೇ ಎದ್ದು ನಿಂತಿತ್ತು. ಆವೆಸ್ತಾ ಕಡೆಯ ಹುಡುಗನೊಬ್ಬ, ಅಂದರೆ ರಿಕಾರ್ಡ್‌ಸನ್, ಮುಂದೆ ಸ್ಪೀಡ್‌ವೇ ಬೈಕು ಹತ್ತಿ ವಿಶ್ವ ಚಾಂಪಿಯನ್ ಆಗುವ ಕನಸು ಕಾಣಲು ಸಾಧ್ಯ ಆದದ್ದೇ ಈ ದಾರಿ ಆಗಲೇ ತೆರೆದಿದ್ದರಿಂದ.

ಪೈಪೋಟಿಯ ಹೆಸರುಗಳನ್ನು ಓದಿ ಅಂದ್ರಲ್ಲ, ಓದೋಣ. ಬ್ಯಾರಿ ಬ್ರಿಗ್ಸ್ ನಾಲ್ಕು ಸಲದ ಚಾಂಪಿಯನ್. ರಾನಿ ಮೂರ್ ಎರಡು ಸಲ. ಪೀಟರ್ ಕ್ರೇವನ್ ಎರಡು ಸಲ. ಕ್ನೂಟ್ಸನ್ ಒಂದು ಸಲ. ಐವನ್ ಮಾಗರ್ ಆರು ಸಲ. ಇವರೆಲ್ಲಾ ಫುಂಡೀನ್‌ನ ಕಾಲದವರೇ, ಎಲ್ಲರ ಜೊತೆಗೂ ಅವನು ಫೈನಲ್‌ಗಳಲ್ಲಿ ಸೆಣಸಿದ. 1957ರಲ್ಲಿ ಬ್ರಿಗ್ಸ್ ಮತ್ತು ಅವನು 14 ಅಂಕದಲ್ಲಿ ಸಮ ಆದರು, ಹೆಚ್ಚುವರಿ ಓಟದಲ್ಲಿ ಬ್ರಿಗ್ಸ್ ಗೆದ್ದ. ಆ ಒಂದು ನಿಮಿಷ ಬೇರೆ ಥರ ಆಗಿದ್ದರೆ ಫುಂಡೀನ್‌ದೂ ಆರೇ ಆಗುತ್ತಿತ್ತು, ಈ ಚರ್ಚೆಯೇ ಬೇಕಿರಲಿಲ್ಲ.

1960ರ ವೆಂಬ್ಲಿ ಬಗ್ಗೆ ಸ್ವಲ್ಪ ಹೇಳಬೇಕು, ನನಗೆ ಅವನ ಇಡೀ ಬದುಕಿನಲ್ಲಿ ತುಂಬಾ ಇಷ್ಟದ ರಾತ್ರಿ ಅದು. ಇಪ್ಪತ್ತು ಓಟ ಮುಗಿದಾಗ ಮೂವರು 14ರಲ್ಲಿ ಸಮ: ಫುಂಡೀನ್, ಮೂರ್, ಕ್ರೇವನ್. ಉಳಿದ ಇಬ್ಬರೂ ಆಗಲೇ ಚಾಂಪಿಯನ್ ಆಗಿದ್ದವರು, ಇವನೂ ಆಗಿದ್ದವನು. ಮೂವರೂ ಮತ್ತೆ ಟೇಪಿನ ಮುಂದೆ ಬಂದು ನಿಲ್ಲುತ್ತಾರೆ. ಈ ಆಟದಲ್ಲಿ ಸ್ಟಾರ್ಟ್ ಅಂದರೆ ಹಗ್ಗದ ಹಾಗೆ ಅಡ್ಡ ಕಟ್ಟಿದ ಟೇಪು ಚಟ್ ಅಂತ ಮೇಲೆ ಹಾರುವುದು. ಅದು ಹಾರುವ ಮೊದಲು ಮುಟ್ಟಿದರೆ ಓಟದಿಂದ ಹೊರಗೆ. ತಡವಾದರೆ ಮುಂದಿನವರ ಹಿಂಚಕ್ರದ ಮಣ್ಣು ಮುಖಕ್ಕೆ. ಎಡಗೈಯ ಕ್ಲಚ್ ಬಿಡುವ ಆ ಒಂದು ಕ್ಷಣದಲ್ಲಿ ಒಂದು ವರ್ಷದ ದುಡಿಮೆ ನಿಂತಿರುತ್ತದೆ, ಹಿಂದೆ ಮೂರು ವರ್ಷ ಸತತವಾಗಿ ಎರಡನೆಯವನಾದ ನೋವೂ ನಿಂತಿರುತ್ತದೆ. ಫುಂಡೀನ್ ಮೊದಲು, ಮೂರ್ ಎರಡು, ಕ್ರೇವನ್ ಮೂರು. ಸೋಲು ಅವನಿಗೆ ಸಹಿಸಲಾಗದ್ದು ಅಂತ ಹೆಸರಾಗಿತ್ತು, ಆ ಸ್ವಭಾವಕ್ಕೆ ಜನ ಅವನನ್ನು ದೂರುತ್ತಿದ್ದರು ಕೂಡ. ಮೂರು ವರ್ಷ ಎರಡನೇ ಮೆಟ್ಟಿಲಿನಲ್ಲಿ ನಿಂತು ನಾಲ್ಕನೇ ವರ್ಷ ಹೀಗೆ ಬಂದು ಕಿತ್ತುಕೊಳ್ಳಬೇಕಾದರೆ ಆ ಸ್ವಭಾವ ಇರಲೇಬೇಕಿತ್ತು ಅನ್ನಿಸುತ್ತದೆ ನನಗೆ.

ಇನ್ನು ಅಪಾಯದ ಮಾತು. ಕಾರ್ಡಿಫ್‌ನ ಬೇಲಿ ಸವರಿದ ದೃಶ್ಯ ಅದ್ಭುತ, ಒಪ್ಪಿದೆ. ಆದರೆ ಅದು ಗಾಳಿ ತುಂಬಿದ ಬೇಲಿ, ಸವಾರ ಬಿದ್ದರೆ ಬದುಕಲಿ ಅಂತಲೇ ಇಟ್ಟದ್ದು. ಫುಂಡೀನ್ ಕಾಲದ ಬೇಲಿ ಮರದ ಹಲಗೆ ಅಥವಾ ತಂತಿ. ಮೈಮೇಲೆ ಚರ್ಮದ ಉಡುಪು, ತಲೆಗೆ ಮುಖ ಮುಚ್ಚದ ಹೆಲ್ಮೆಟ್. 1963ರ ಸೆಪ್ಟೆಂಬರ್‌ನಲ್ಲಿ ಫುಂಡೀನ್ ನಾಲ್ಕನೇ ಸಲ ಚಾಂಪಿಯನ್ ಆದ. ಅದೇ ತಿಂಗಳು, ಕೆಲವೇ ದಿನಗಳ ನಂತರ, ಎಡಿನ್‌ಬರಾದ ಟ್ರ್ಯಾಕ್‌ನಲ್ಲಿ ಬಿದ್ದ ಪೀಟರ್ ಕ್ರೇವನ್ ಆಸ್ಪತ್ರೆಯಲ್ಲಿ ತೀರಿಕೊಂಡ. 1960ರಲ್ಲಿ ಟೇಪಿನ ಮುಂದೆ ಪಕ್ಕದಲ್ಲಿ ನಿಂತಿದ್ದವನು. ಫುಂಡೀನ್ ಮುಂದಿನ ವರ್ಷವೂ ಫೈನಲ್‌ಗೆ ಬಂದ, ಅದರ ಮುಂದಿನ ವರ್ಷವೂ ಬಂದ, ಎರಡು ಸಲವೂ ಮೂರನೆಯವನಾದ. ಪೇರ್ ಯೋನ್ಸನ್ ಬಿದ್ದ ಬೇಸಿಗೆಯಲ್ಲೇ ಗೆದ್ದ ರಿಕಾರ್ಡ್‌ಸನ್‌ನ ಧೈರ್ಯಕ್ಕೆ ನಾನು ತಲೆಬಾಗುತ್ತೇನೆ. ಅದೇ ಧೈರ್ಯ ಇವನಿಗೂ ಬೇಕಾಗಿತ್ತು, ಕಾಪಾಡುವ ಬೇಲಿ ಮಾತ್ರ ಇರಲಿಲ್ಲ.

ಆರರ ಲೆಕ್ಕವನ್ನೂ ಸ್ವಲ್ಪ ಬಿಚ್ಚಿ ನೋಡೋಣ. 1999ರಲ್ಲಿ ಕೊನೆಯ ಗ್ರ್ಯಾನ್ ಪ್ರಿಗೆ ಬರುವಾಗ ಅಂಕಪಟ್ಟಿಯಲ್ಲಿ ಮುಂದಿದ್ದವನು ಟೊಮಾಶ್ ಗೊಲ್ಲೊಬ್. ಅದಕ್ಕೆ ಸ್ವಲ್ಪ ಮೊದಲು ಪೋಲೆಂಡ್‌ನ ವ್ರೊತ್ಸ್ವಾಫ್‌ನಲ್ಲಿ ಗೋಲ್ಡನ್ ಹೆಲ್ಮೆಟ್ ಓಟದಲ್ಲಿ ಜೋರಾಗಿ ಬಿದ್ದು ಪೆಟ್ಟು ಮಾಡಿಕೊಂಡ. ಆ ನೋವಿನಲ್ಲೇ ವೋಯೆನ್ಸ್‌ಗೆ ಬಂದ, ರಿಕಾರ್ಡ್‌ಸನ್ ದಾಟಿ ಹೋದ. ಇದರಲ್ಲಿ ರಿಕಾರ್ಡ್‌ಸನ್ ತಪ್ಪು ಏನೂ ಇಲ್ಲ, ಬೈಕಿನ ಆಟದಲ್ಲಿ ಬೀಳದೆ ಇರುವುದೂ ಒಂದು ವಿದ್ಯೆ. ಆದರೂ ಆರು ಐದಕ್ಕಿಂತ ದೊಡ್ಡದು ಅಂತ ಮೇಜು ಕುಟ್ಟುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಬೇಕು. ಸಂಖ್ಯೆಯೇ ಎಲ್ಲಾ ಅನ್ನುವುದಾದರೆ ಪೋಲೆಂಡ್‌ನ ಬಾರ್ತೋಶ್ ಜ್ಮಾರ್ಜ್ಲಿಕ್ ಕೂಡ 2025ರಲ್ಲಿ ಆರನೆಯದನ್ನು ಗೆದ್ದಾಯಿತು, ಇನ್ನೂ ಓಡಿಸುತ್ತಿದ್ದಾನೆ. ನಾಳೆ ಅವನು ಏಳು ಗೆದ್ದರೆ ರಿಕಾರ್ಡ್‌ಸನ್ ಚಿಕ್ಕವನಾಗುತ್ತಾನಾ? ಆಗುವುದಿಲ್ಲ. ಅದೇ ನ್ಯಾಯ ಫುಂಡೀನ್‌ಗೂ ಇರಲಿ.

ಲೀಗ್ ಜೀವನದ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಇಂಗ್ಲೆಂಡಿನ ನಾರ್ವಿಚ್ ತಂಡಕ್ಕೆ ಅವನು 1955ರಿಂದ ಓಡಿಸಿದ, 1964ರಲ್ಲಿ ಅಲ್ಲಿನ ಫರ್ಸ್ ಸ್ಟೇಡಿಯಂ ಮುಚ್ಚಿ ಆ ಜಾಗ ಮನೆ ಕಟ್ಟಲು ಹೋಯಿತು. ಸ್ವೀಡನ್‌ನ ರಾಷ್ಟ್ರೀಯ ಚಾಂಪಿಯನ್ ಪಟ್ಟ ಒಂಬತ್ತು ಸಲ ಗೆದ್ದ, ಮೊದಲನೆಯದು 1956ರಲ್ಲಿ, ಕೊನೆಯದು 1970ರಲ್ಲಿ. ಈ ಆಟ ಅವನನ್ನು ಹೇಗೆ ನೋಡುತ್ತದೆ ಅನ್ನುವುದಕ್ಕೆ ಇನ್ನೊಂದು ಸಂಗತಿ ಸಾಕು. 2001ರಲ್ಲಿ ತಂಡಗಳ ಸ್ಪೀಡ್‌ವೇ ವರ್ಲ್ಡ್ ಕಪ್ ಶುರು ಮಾಡಿದಾಗ ಗೆದ್ದವರಿಗೆ ಕೊಡುವ ಕಪ್ಪಿಗೆ ಊವೆ ಫುಂಡೀನ್ ಟ್ರೋಫಿ ಅಂತ ಹೆಸರಿಟ್ಟರು. 2004ರಲ್ಲಿ ಇಂಗ್ಲೆಂಡಿನ ಪೂಲ್‌ನಲ್ಲಿ ಸ್ವೀಡನ್ ಅದನ್ನು ಗೆದ್ದಿತು, ತಂಡದಲ್ಲಿ ರಿಕಾರ್ಡ್‌ಸನ್ ಇದ್ದ. ಅವನು ಎತ್ತಿ ಹಿಡಿದ ಕಪ್ಪಿನ ಮೇಲಿದ್ದದ್ದು ಫುಂಡೀನ್ ಹೆಸರು.

ಕೊನೆಗೆ 1967. ಫುಂಡೀನ್‌ಗೆ 34. ಕೊನೆಯ ಸಲ ಗೆದ್ದು ನಾಲ್ಕು ವರ್ಷ ಆಗಿತ್ತು, ಹಿಂದಿನ ವರ್ಷ ಮೊದಲ ಮೂರರಲ್ಲೂ ಬಂದಿರಲಿಲ್ಲ. ಮುಗಿಯಿತು ಅಂದುಕೊಂಡವರು ಎಷ್ಟೋ ಜನ. ವೆಂಬ್ಲಿಯಲ್ಲಿ ತನ್ನದೇ ದೇಶದ ಬೆಂಗ್ಟ್ ಯಾನ್ಸನ್ ಜೊತೆ 14 ಅಂಕಕ್ಕೆ ಸಮ ಆದ. ಯಾನ್ಸನ್ ಅವನಿಗಿಂತ ಹತ್ತು ವರ್ಷ ಚಿಕ್ಕವನು. ಮತ್ತೆ ಹೆಚ್ಚುವರಿ ಓಟ, ಮತ್ತೆ ಟೇಪು, ಮತ್ತೆ ಅದೇ ಒಂದು ಕ್ಷಣ. ಫುಂಡೀನ್ ಗೆದ್ದ. ಅವರಿಬ್ಬರ ಹಿಂದೆ, 13 ಅಂಕದೊಂದಿಗೆ ಮೂರನೆಯವನಾದದ್ದು ಐವನ್ ಮಾಗರ್. ಮಾಗರ್ ಮರುವರ್ಷದಿಂದ ಸತತ ಮೂರು ಸಲ ಚಾಂಪಿಯನ್ ಆದ, ಆಮೇಲೆ ಇನ್ನೂ ಮೂರು ಗೆದ್ದು ಆರರ ದಾಖಲೆ ಬರೆದ, ರಿಕಾರ್ಡ್‌ಸನ್ ಇಪ್ಪತ್ತಾರು ವರ್ಷಗಳ ಆಚೆ ಮುಟ್ಟಿದ ದಾಖಲೆ ಅದೇ. ಆ ದಾಖಲೆ ಬರೆಯಲಿದ್ದವನನ್ನು ಅವನ ಏರುಗಾಲದಲ್ಲಿ, ತನ್ನ ಇಳಿಗಾಲದಲ್ಲಿ ನಿಂತು ಸೋಲಿಸಿದವನು ಫುಂಡೀನ್. ಅದಾದ ಮೇಲೂ ಬೈಕು ಬಿಡಲಿಲ್ಲ. 1970ರಲ್ಲಿ, 37ರ ವಯಸ್ಸಿನಲ್ಲಿ, ಸ್ವೀಡನ್ ತಂಡದ ಜೊತೆ ವೆಂಬ್ಲಿಯಲ್ಲೇ ವರ್ಲ್ಡ್ ಟೀಮ್ ಕಪ್ ಗೆದ್ದ. ಅದು ಅವನ ಆರನೆಯ ಟೀಮ್ ಕಪ್.